ಗಡಿಯಾರದ ಡ್ರೈವರ್ ಬರೆಯುತ್ತಿದ್ದ ನಮ್ಮ ಬಸವರಾಜ

ಸುಳ್ಳು ಸುದ್ದಿ ಇರಬೇಕು ಅಂತ ಇದ್ದಬದ್ದವರಿಗೆಲ್ಲ ಫೋನ್ ಮಾಡಿದೆ...
ಎಲ್ಲರೂ ಅದನ್ನೇ ಹೇಳಿದರು.

ನಮ್ಮ ಬಸವರಾಜ ಹೋಗಿಬಿಟ್ಟ.

ಇವತ್ತು ಬೆಳಿಗ್ಗೆ, ಹೊಸ ತಿಪ್ಪಸಂದ್ರದ ಮನೆಯಲ್ಲಿ... ಹಾರ್ಟ್ ಅಟ್ಯಾಕ್.
ನಿನ್ನೆ ಆಫೀಸಿನಿಂದ ಹೊರಡುವಾಗ "ನಾಳೆ ಸಿಗೋಣ ಮಗಾ" ಅಂದಿದ್ದ. ಥೂ... ಏನು ಬರೆಯಲಿ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಾವಣಗೆರೆಯವನು. ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ, ಮೆಷಿನ್ ಒಳಗೆ ಟೈಮ್ ನೋಡಿಕೊಳ್ಳುವ ಗಡಿಯಾರದ ಚಿಪ್‌ಗೆ ಡ್ರೈವರ್ ಬರೆಯುತ್ತಿದ್ದ.
ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್ ಪರವಾಗಿ ಆ ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ. ಮಾತಾಡುವ ಮೊದಲು ಅದು ಚಿಪ್‌ನ ಅಡ್ರೆಸ್‌ಗಳನ್ನು ತನ್ನ ಹೆಸರಿಗೆ ರಿಸರ್ವ್ ಮಾಡಿಕೊಳ್ಳಬೇಕು, ಇನ್ನೊಬ್ಬರು ಕೈ ಹಾಕದ ಹಾಗೆ.
ಹೊಸಬರಿಗೆ ಬಸು ಹೇಳುತ್ತಿದ್ದುದು ಇಷ್ಟೇ...
"ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ, ಅದೇ ಕಣ್ರೋ."

ಬಸು... ನಿನ್ನ ಮೇಲೆ ಸಿಟ್ಟು ಬರುತ್ತಿದೆ ಕಣೋ.
ಇಷ್ಟು ಅರ್ಜೆಂಟ್ ಏನಿತ್ತು ಗುರು?

ನಸ್ರೀನ್ ವಿಷಯ ನೆನಪಿದೆಯಾ? ಶಿವಾಜಿನಗರದ ಹುಡುಗಿ, ಆಗಷ್ಟೇ ಸೇರಿದ್ದಳು, ಇನ್ನೂ ಪ್ರೊಬೇಷನ್.
ಅವಳು ಬ್ಯಾಟರಿಯ ಡ್ರೈವರ್ ಸೇರಿಸಿದ ಮೇಲೆ, ಕ್ಲೈಂಟ್ ಮುಂದೆ ಮೆಷಿನ್ ಆನ್ ಮಾಡಿದರೆ ತಾರೀಖು ೧೯೭೦!
ನಿನ್ನ ಗಡಿಯಾರದ ಡ್ರೈವರ್ ಲೋಡೇ ಆಗಿರಲಿಲ್ಲ; ಗಡಿಯಾರ ಸಿಗದಿದ್ದರೆ ಮೆಷಿನ್ ಎಣಿಕೆ ಶುರು ಮಾಡುವುದೇ ೧೯೭೦ರಿಂದ. ಎಲ್ಲರೂ ಅವಳ ಮೇಲೆ ಬಿದ್ದರು. ಮ್ಯಾನೇಜರ್ ಅಂತೂ ಅವಳನ್ನು ಮನೆಗೆ ಕಳಿಸುವ ಮಾತೇ ಆಡಿದ.

ನೀನು ಊಟ ಬಿಟ್ಟು ಕೋಡ್ ನೋಡುತ್ತಾ ಕುಳಿತೆ...
ಸಂಜೆ ಮೀಟಿಂಗಿನಲ್ಲಿ ಎದ್ದು ನಿಂತೆ.

"ತಪ್ಪು ನಂದು ರೀ. ಗಡಿಯಾರಕ್ಕೆ ಬೇಕಾಗಿದ್ದು ಒಂದೇ ಸೀಟು. ಹಳೇ ಬೋರ್ಡಿನ ಕೋಡ್ ಹಂಗೇ ತಂದು, ಇಡೀ ಸಾಲಿಗೆ ಕರ್ಚೀಫ್ ಹಾಕಕ್ಕೆ ಹೋಗಿದ್ದೀನಿ. ಈ ಹುಡುಗಿ ಡ್ರೈವರ್ ಮೊದ್ಲೇ ಬಂದು ತನ್ನ ಸೀಟಲ್ಲಿ ಕೂತಿತ್ತು. ಸಾಲು ಖಾಲಿ ಇಲ್ಲ ಅಂತ ಸಿಸ್ಟಮ್ ನಂದನ್ನ ವಾಪಸ್ ಕಳಿಸ್ತು. ಅವಳನ್ನ ಯಾಕ್ರೀ ಬೈತೀರಾ?"

ಮ್ಯಾನೇಜರ್ ಆ ಮಾತು ಅಲ್ಲಿಗೇ ಬಿಟ್ಟ. ನಸ್ರೀನ್ ಕೆಲಸ ಉಳಿಯಿತು.
ನಾವು ನಿನ್ನನ್ನು ಚೆನ್ನಾಗಿ ರೇಗಿಸಿ, ಟೀ ಕುಡಿದು, ಮರೆತೇಬಿಟ್ಟೆವು.

ಇವತ್ತು ನಿನ್ನ ಮನೆಯಲ್ಲಿ, ನಸ್ರೀನ್ ನಿನ್ನ ಹೆಂಡತಿ ಗಿರಿಜಾ ಅತ್ತಿಗೆಯ ಕೈ ಹಿಡಿದುಕೊಂಡು ಇದನ್ನೆಲ್ಲ ಹೇಳಿದಳು.
"ಸರ್ ಇಲ್ದಿದ್ರೆ ನಾನು ಈ ಫೀಲ್ಡಲ್ಲೇ ಇರ್ತಿರ್ಲಿಲ್ಲ ಅಕ್ಕಾ..."

ಅತ್ತಿಗೆ ಅವಳ ಮುಖವನ್ನೇ ನೋಡಿದರು.
"ಆ ವರ್ಷ ಟೀಮ್ ಲೀಡ್ ಮಾಡ್ತೀವಿ ಅಂದಿದ್ರಂತೆ. ಕೊನೇಗೆ ಕೊಡ್ಲಿಲ್ಲ. ಯಾಕ್ರೀ ಅಂತ ಎಷ್ಟ್ ಕೇಳಿದ್ರೂ ಬಾಯಿ ಬಿಡ್ಲಿಲ್ಲ... ಇದಕ್ಕೇನಮ್ಮಾ?"

ನಮಗೂ ಹೇಳಲಿಲ್ಲವಲ್ಲೋ ಬಸು... ಒಂದು ಮಾತು!

ನಸ್ರೀನ್ ಅಳತೊಡಗಿದಳು. ಅತ್ತಿಗೆಯೇ ಸೆರಗಿನಿಂದ ಅವಳ ಕಣ್ಣು ಒರೆಸಿದರು.
"ಅಳ್ಬೇಡಮ್ಮ. ಆ ಮೀಟಿಂಗ್ ದಿನ ನಂಗೆ ನೆನಪೈತಿ, ಊಟದ ಡಬ್ಬಿ ಹಂಗೇ ವಾಪಸ್ ತಂದಿದ್ರು. ಮನೆಗೆ ಬಂದು ಹೊಟ್ಟೆ ತುಂಬಾ ಉಂಡು, ನೆಮ್ಮದಿಯಾಗಿ ಮಲಗಿದ್ರು."

ಇವತ್ತೂ ಹಾಗೇ ಮಲಗು ಗೆಳೆಯಾ...
ನಿನ್ನ ಜೀವ ತಣ್ಣಗಿರಲಿ. 🙏