ಒಂದಾದರೆ ಕತ್ತರಿಸು

ನಮ್ಮ ದೊಡ್ಡಪ್ಪನನ್ನು ಜನ ತುಕ್ಕಿನ ಡಾಕ್ಟರ್ ಎನ್ನುತ್ತಾರೆ. ಈಜುಕೊಳದ ಗೋಡೆಯಲ್ಲಿ ಕಂದು ಕಲೆ ಎದ್ದರೆ ಉಳಿದವರು ಮೇಲೆ ಉಜ್ಜಿ ಕೈತೊಳೆದುಕೊಳ್ಳುತ್ತಾರೆ. ದೊಡ್ಡಪ್ಪ ಗಾರೆ ಒಡೆದು, ಒಳಗೆ ತುಕ್ಕು ತಿಂದ ಕಂಬಿ ಕತ್ತರಿಸಿ ತೆಗೆದು, ಹೊಸ ಗಾರೆ ತುಂಬುತ್ತಾರೆ. ಅವರು ಮುಟ್ಟಿದ ಕಲೆ ಮರಳಿ ಬಂದದ್ದಿಲ್ಲ, ಹಳೇ ಕ್ಲಬ್ಬಿನ ಕೊಳದ್ದೊಂದನ್ನು ಬಿಟ್ಟು. ಅದು ಪ್ರತಿವರ್ಷ ಅದೇ ಜಾಗದಲ್ಲಿ ಬರುತ್ತಿತ್ತು.

ಆ ಕೊಳದ ಕಂಬಿ ಕಟ್ಟಿದವನು ನನ್ನಪ್ಪ, ದೊಡ್ಡಪ್ಪನ ತಮ್ಮ. ಅವನು ತೀರಿಕೊಂಡು ವರ್ಷಗಳಾದವು. ಅಣ್ಣತಮ್ಮಂದಿರು ಜೋಡಿಯಾಗಿ ದುಡಿಯುತ್ತಿದ್ದರು. ಖಾಲಿ ಕೊಳದಲ್ಲಿ ಕೂಗಿದರೆ ಮಾತು ಕಲಸಿಹೋಗುತ್ತದೆ. ಹಾಗಾಗಿ ಕತ್ತರಿಸಲೇ ಎಂದು ದೊಡ್ಡಪ್ಪ ಕಲೆಯ ಬಳಿ ಕಂಬಿಗೆ ಮೂರು ಸಲ ಬಡಿಯುವುದು, ಆಚೆ ತುದಿಯಲ್ಲಿ ಕಂಬಿಗೆ ವೈರು, ಪೈಪು ತಗುಲಿದೆಯೇ ಎಂದು ನೋಡಿಕೊಂಡು ಅಪ್ಪ ಉತ್ತರ ಬಡಿಯುವುದು. ಒಂದಾದರೆ ಕತ್ತರಿಸು, ಎರಡಾದರೆ ತಡಿ.

ಕೊನೆಗೊಂದು ವರ್ಷ ಕ್ಲಬ್ಬಿನ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ: “ಕಲೆ ಮತ್ತೆ ಬಂದ್ರೆ ಬೇರೆಯವ್ರನ್ನ ಕರೀತೀನಿ.” ದೊಡ್ಡಪ್ಪ ಗಳಿಸಿದ ಹೆಸರೆಲ್ಲ ನೀರುಪಾಲಾಗುತ್ತದಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ನಾನೇ ಕಂಬಿ ಕತ್ತರಿಸುವ ಗ್ರೈಂಡರ್ ಹಿಡಿದು ಅವರ ಜೊತೆ ಕೊಳಕ್ಕಿಳಿದೆ. ಗಾರೆ ಒಡೆದು ನೋಡಿದರೆ ತುಕ್ಕು ತಿಂದ ಹಳೇ ಕಂಬಿ ಹಾಗೇ ಇದೆ. ದೊಡ್ಡಪ್ಪ ಒಮ್ಮೆಯೂ ಅದನ್ನು ಕತ್ತರಿಸಿರಲಿಲ್ಲ. ಬರೀ ಮೇಲೆ ಮೆತ್ತಿ ತಿಪ್ಪೆ ಸಾರಿಸಿದ್ದರು.

“ಏನ್ ದೊಡ್ಡಪ್ಪ ಇದು? ಊರಿಗೆಲ್ಲ ಬುದ್ಧಿ ಹೇಳೋರು ನೀವು.”

ಅವರು ಸುತ್ತಿಗೆ ಕೊಟ್ಟರು. “ಬಡಿದು ನೋಡಮ್ಮ.”

ಮೂರು ಸಲ ಬಡಿದೆ. ಕೊಳದಲ್ಲಿ ನಾವಿಬ್ಬರೇ. ಆಚೆ ತುದಿಯಲ್ಲಿ ಬಿಸಿಲು ಬಿದ್ದ ಬರಿಗೋಡೆ. ಅಲ್ಲಿಂದ ಒಂದು ಬಡಿತ ಬಂತು. ಅದು ಸುತ್ತಿಗೆಯ ಹಿಡಿಗೂ ತಾಕಿತು.

“ಪಂಪಿನ ಸದ್ದು,” ಎಂದೆ. ಪಂಪು ನಿಲ್ಲಿಸಿ ಬಂದವಳು ನಾನೇ.

“ಪ್ರತಿವರ್ಷ ಒಂದೇ ಬಡೀತಾನೆ,” ಎಂದರು ದೊಡ್ಡಪ್ಪ.

“ಒಂದು ಅಂದ್ರೆ ಕತ್ತರಿಸು ಅಂತ ತಾನೆ? ಮತ್ಯಾಕೆ ಕತ್ತರಿಸ್ಲಿಲ್ಲ?”

“ಕತ್ತರಿಸಿದ್ಮೇಲೆ ಯಾರನ್ನ ಕೇಳ್ಲಿ?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾವು ಹಾಗೇ ಬಿಟ್ಟುಹೋದರೆ ಗುರುತಿಲ್ಲದವರು ಯಾರೋ ಬಂದು, ಒಂದು ಮಾತೂ ಕೇಳದೆ ಕತ್ತರಿಸಿ ಹೋಗುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು. ದೊಡ್ಡಪ್ಪ ಕಂಬಿಯ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟು, ಪಕ್ಕಕ್ಕೆ ಸರಿದರು. ನಾನು ಕತ್ತರಿಸಿದೆ.

ಗ್ರೈಂಡರ್ ನಿಂತ ಮೇಲೆ ಅವರು ಉಳಿದ ತುಂಡಿಗೆ ಮೂರು ಸಲ ಬಡಿದು ಕಾದರು. ಏನೂ ಬರಲಿಲ್ಲ. ಮತ್ತೆ ಬಡಿದರು. ನನಗೆ ತಡೆಯಲಾಗಲಿಲ್ಲ. ಆಚೆ ತುದಿಗೆ ಹೋಗಿ ಗೋಡೆಗೆ ಒಂದು ಸಲ ಬಡಿದೆ.

“ನೀನಾ?” ಎಂದರು, ಬೆನ್ನು ತಿರುಗಿಸಿಕೊಂಡೇ.

“ನಾನೇ.”

“ಸರಿ. ಗಾರೆ ಕಲಸು.”

ಆ ಕಲೆ ಮತ್ತೆ ಬರಲಿಲ್ಲ. ಕ್ಲಬ್ಬಿನವರು ಕರೆಯುವುದೂ ಇಲ್ಲ. ಆದರೂ ಪ್ರತಿವರ್ಷ ಕೊಳ ಖಾಲಿ ಮಾಡುವ ದಿನ ದೊಡ್ಡಪ್ಪ ಹೋಗುತ್ತಾರೆ, ಕಲೆ ಬಂದಿದೆಯೇ ಎಂದು ನೋಡಲು.