ಕೊನೆಯ ಬಟನ್ ಒತ್ತದ ಟೈಪಿಂಗ್ ಮೇಡಂ

ಒಂದು ಸಾಲು ಟೈಪ್ ಮಾಡಿ ಮುಗಿಸಿದ ಕೂಡಲೇ ಅವರ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಬಲಕ್ಕೆ ತಳ್ಳಿ ಮತ್ತೆ ಕೀಬೋರ್ಡಿಗೆ ಇಳಿಯುತ್ತಿತ್ತು. ಅಲ್ಲಿ ತಳ್ಳುವುದಕ್ಕೆ ಏನೂ ಇರಲಿಲ್ಲ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಆ ಕೈಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅವರು ಕುಟ್ಟುವ ರಭಸಕ್ಕೆ ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

ಗುಬ್ಬಿಯಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿತ್ತು, ಯಾರೂ ಓದುತ್ತಿರಲಿಲ್ಲ. ಊರಿಗೆಲ್ಲ ಅವರು ಟೈಪಿಂಗ್ ಮೇಡಂ. ಮೊದಲು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದರು, ಆಮೇಲೆ ಜೆರಾಕ್ಸು, ಆಮೇಲೆ ಆನ್‌ಲೈನು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಬಸ್ಸಿನಲ್ಲಿ ಮೊಬೈಲ್ ಕಳೆದುಕೊಂಡು. ನಾನು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಗಾರ, ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಚೇಳೂರಿನ ಅಕ್ಕನ ಮನೆಗೆ ಹೊರಟವನು ಗುಬ್ಬಿಯಲ್ಲಿ ಇಳಿದು ಜೇಬು ಮುಟ್ಟಿಕೊಂಡರೆ ಫೋನಿಲ್ಲ. ಪೊಲೀಸರಿಗೆ ದೂರು ಟೈಪ್ ಮಾಡಿಸೋಣ ಎಂದು ಹೋದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ದೂರು ಕೊಡು. ಆಮೇಲೆ ಫೋನ್ ಡಬ್ಬ ತಗೊಂಡು ಬಾ. ಅದ್ರ ಮೇಲಿರೋ ನಂಬರ್ ಹಾಕುದ್ರೆ, ಕದ್ದೋನು ಬೇರೆ ಸಿಮ್ ಹಾಕುದ್ರೂ ಫೋನ್ ನಡೆಯಲ್ಲ," ಎಂದರು. ನಾನು ನಂಬಲಿಲ್ಲ. ಈಯಮ್ಮ ಬುರುಡೆ ಬಿಡುತ್ತಿದೆ ಅಂದುಕೊಂಡೆ. ಆದರೂ ಎರಡು ದಿನ ಬಿಟ್ಟು ಡಬ್ಬ ಹಿಡಿದು ಹೋದೆ.

ಎಲ್ಲ ತುಂಬಿಸಿ, ಕೊನೆಯ ಬಟನ್ ಒಂದು ಉಳಿದಾಗ ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಮೌಸನ್ನು ನನ್ನ ಕಡೆ ತಳ್ಳಿದರು.

"ಒತ್ತು."

"ನೀವೇ ಒತ್ಬುಡಿ ಮೇಡಂ, ಅದ್ರಲ್ಲೇನೈತೆ?"

"ನಿನ್ ಕೆಲ್ಸಕ್ಕೆ ನಿನ್ ಬೆರಳು ಕಣಪ್ಪಾ. ಓದ್ಕೊಂಡು ಒತ್ತು."

ಇದು ಅವರ ಅಂಗಡಿಯ ಕಾನೂನು. ಯಾರೇ ಬರಲಿ, ಕೊನೆಯ ಬಟನ್ ಅವರು ಒತ್ತುತ್ತಿರಲಿಲ್ಲ. ಅವಸರದಲ್ಲಿದ್ದವರಿಗೆ ಇದು ಮೈ ಉರಿಸುತ್ತಿತ್ತು. ಒಮ್ಮೆ ಕುಣಿಗಲ್ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಆಕೆಯ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಮೇಡಂ ನೋಡಿದರೆ ಮೂರು ಕಾಣಿಸಿದವು. ಅಜ್ಜಿಯ ಹತ್ತಿರ ಇದ್ದದ್ದು ಒಂದೇ. ಹೀಗೆ ನೋಡಬಹುದು, ಬೇಡದ್ದನ್ನು ನನ್ನದಲ್ಲ ಎಂದು ಅಲ್ಲೇ ತಿಳಿಸಬಹುದು ಎನ್ನುವುದು ಸಾಲಿನಲ್ಲಿ ನಿಂತಿದ್ದ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮೌಸ್ ಹಿಡಿದು, ಎಲ್ಲಿ ಒತ್ತಬೇಕೆಂದು ಹುಡುಕುತ್ತ ಕೂತರು. ಹಿಂದಿದ್ದವನೊಬ್ಬ ಗೊಣಗಿದ. ಮೇಡಂ ತಿರುಗಿಯೂ ನೋಡಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಕೈಕಟ್ಟಿ ಕೂತರು. ಅಜ್ಜಿ ಒತ್ತಿದ ಮೇಲೆ, "ನೋಡ್ದಾ, ನಿನ್ ಕೈಯಲ್ಲೇ ಆಯ್ತು," ಎಂದರು.

ಅವರ ಬಳಿ ಒಂದು ಗೆರೆ ಪುಸ್ತಕ ಇತ್ತು. ಇಂಟರ್‌ನೆಟ್ಟಿನಲ್ಲಿ ಹೊಸದಾಗಿ ಏನು ಕಂಡರೂ ಅದರಲ್ಲಿ ಬರೆದಿಡುತ್ತಿದ್ದರು. "ಈ ಸರ್ಕಾರದೋರು ಅರ್ಧ ಕಚೇರಿನೇ ತಂದು ಇದ್ರೊಳಗೆ ಇಟ್ಟವ್ರೆ. ಇಟ್ಟಿದೀವಿ ಅಂತ ಒಂದ್ ಮಾತು ಹೇಳಕ್ಕೆ ಏನು ರೋಗ ಇವ್ರಿಗೆ!" ಎಂದು ಬೈಯುತ್ತಲೇ ಬರೆಯುತ್ತಿದ್ದರು.

ಆ ಪುಸ್ತಕದ ಒಂದು ಪುಟದಿಂದ ನನ್ನ ಅಕ್ಕನ ತೋಟ ಉಳಿಯಿತು.

ಅಕ್ಕನದು ಚೇಳೂರಿನ ಹತ್ತಿರ ಸಣ್ಣ ತೆಂಗಿನ ತೋಟ. ಭಾವ ತೀರಿಕೊಂಡ ಮೇಲೆ ಅವಳೇ ನೋಡಿಕೊಳ್ಳುತ್ತಿದ್ದಳು. ಪಕ್ಕದ ತೋಟದವರು ಒಂದು ಬೆಳಗ್ಗೆ ಅವಳ ತೋಟದ ದಾರಿಗೆ ಕಲ್ಲುಕಂಬ ನೆಟ್ಟು ತಂತಿ ಎಳೆದುಬಿಟ್ಟರು. ಕೇಳಿದರೆ, "ದಾರಿ ಅಂತ ಎಲ್ಲೈತೆ ತೋರ್ಸವ್ವ. ಇಷ್ಟ್ ದಿನ ಪಾಪ ಅಂತ ಬುಟ್ಟಿದ್ವಿ," ಎಂದರು. ಅಕ್ಕ ಬದುವಿನ ಮೇಲೆ ತಲೆಹೊರೆಯಲ್ಲಿ ಕಾಯಿ ಸಾಗಿಸತೊಡಗಿದಳು. ಎರಡು ಕೊಯ್ಲು ಹಾಗೆ ಸಾಗಿಸಿ, ಒಂದು ದಿನ ಜಾರಿ ಬಿದ್ದು ಮಂಡಿ ಊದಿಸಿಕೊಂಡಳು. "ಅವ್ರಿಗೇ ಮಾರ್ಬುಡಾನ ಕಣೋ. ನನ್ ಕೈಲಿ ಆಗಾಕಿಲ್ಲ," ಎಂದಳು. ಅವರಿಗೆ ಬೇಕಾಗಿದ್ದದ್ದೂ ಅದೇ. ನಾನು ಗುಬ್ಬಿಗೆ ಹೋದೆ.

ಮೇಡಂಗೆ ಹೇಳಿದಾಗ ಅವರು ಮರುಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸರ್ವೆ ನಂಬರ್ ಕೇಳಿದರು. ಗೆರೆ ಪುಸ್ತಕ ತಿರುವಿ, ಕಂಪ್ಯೂಟರಿನಲ್ಲಿ ಯಾವುದೋ ಪುಟ ತೆರೆದು, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿದರು. ಪರದೆಯ ಮೇಲೆ ಅಕ್ಕನ ಊರಿನ ಹಳೆಯ ಗ್ರಾಮ ನಕಾಶೆ ತೆರೆದುಕೊಂಡಿತು. ಕೆರೆ, ಹಳ್ಳ, ಗುಡಿ, ಹೊಲಗಳ ನಂಬರು ಎಲ್ಲವೂ ಕೈಬರಹದಲ್ಲಿತ್ತು. ಅಕ್ಕನ ತೋಟದ ಪಕ್ಕದಲ್ಲಿ ಎರಡು ಚುಕ್ಕೆಗೆರೆ ಜೊತೆಜೊತೆಯಾಗಿ ಓಡಿದ್ದವು.

"ಒಂದು ಗೆರೆ ಇದ್ರೆ ಕಾಲುದಾರಿ, ಎರಡಿದ್ರೆ ಬಂಡಿದಾರಿ. ನಕಾಶೆ ಕಂಡ ದಾರಿ ಇದು, ಯಾರೂ ಮುಚ್ಚಂಗಿಲ್ಲ," ಎಂದರು. ಮೌಸ್ ನನ್ನ ಕಡೆ ಬಂತು. ಪ್ರಿಂಟ್ ನಾನೇ ಒತ್ತಿದೆ.

ತಪ್ಪಾದದ್ದು ಆಮೇಲೆ. ಅವರು ಆ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆದು, ಮೂಲೆಕಲ್ಲಿನಿಂದ ದಾರಿಗೆ ಎಷ್ಟು ಅಡಿ ಎಂದು ಬರೆದುಕೊಟ್ಟರು. ಭಾನುವಾರ ನಾವು ಊರಿನ ನಾಲ್ಕು ಜನರನ್ನು ಸೇರಿಸಿ ಟೇಪು ಎಳೆದೆವು. ದಾರಿ ಸೀದಾ ಹೋಗಿ ಪಕ್ಕದವರ ಪಂಪ್‌ಮನೆಯ ನಡುವೆ ನಿಂತಿತು. ಅವರು ಬಿದ್ದು ಬಿದ್ದು ನಕ್ಕರು. "ಏನ್ಲಾ, ಬಂಡಿ ಮೋಟ್ರು ಮೇಲೆ ಹತ್ತುಸ್ತೀಯಾ?" ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಹೋದಳು. ನಾನು ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ, ಗುಬ್ಬಿಗೆ ಹೋಗಿ, ಅಂಗಡಿಯಲ್ಲಿ ಜನ ತುಂಬಿದ್ದಾಗಲೇ ಬಾಯಿಗೆ ಬಂದಂತೆ ಕೂಗಾಡಿದೆ. ಅಂದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ.

ಅವರು ಹಾಳೆ ಕೇಳಿದರು. ನೋಡಿದರು. ಮತ್ತೆ ಸ್ಕೇಲ್ ಇಟ್ಟಾಗ ತಪ್ಪು ಹೊಳೆಯಿತು. ದೊಡ್ಡ ನಕಾಶೆಯನ್ನು ಮಷಿನ್ನು ಚಿಕ್ಕ ಹಾಳೆಗೆ ಹಿಡಿಸುವಂತೆ ಕುಗ್ಗಿಸಿತ್ತು. ಕುಗ್ಗಿದ ಗೆರೆಗೆ ಇವರು ದೊಡ್ಡ ನಕಾಶೆಯ ಅಳತೆಯ ಲೆಕ್ಕವನ್ನೇ ಹಿಡಿದಿದ್ದರು. ಅಂಗಡಿ ಬಾಗಿಲು ಎಳೆದು, "ನಡಿ," ಎಂದು ನನ್ನ ಜೊತೆ ಚೇಳೂರು ಬಸ್ಸು ಹತ್ತಿದರು. ತೋಟದ ಹತ್ತಿರ ಪಕ್ಕದವರನ್ನೂ ಅಕ್ಕನನ್ನೂ ಕರೆಸಿ, ಬಿಸಿಲಲ್ಲಿ ನಿಂತು ಹೇಳಿದರು: "ತಪ್ಪು ನಂದು. ನಕಾಶೆದಲ್ಲ, ಈಯಮ್ಮಂದೂ ಅಲ್ಲ. ನಗೋದಿದ್ರೆ ನನ್ನ ನೋಡಿ ನಗಿ. ಅಳೆಯೋ ಕೆಲ್ಸ ಸರ್ವೆಯರ್‌ದು, ನಾನು ಕೈ ಹಾಕ್ಬಾರ್ದಿತ್ತು."

ಯಾರೂ ನಗಲಿಲ್ಲ. ಅಷ್ಟು ವಯಸ್ಸಾದ ಹೆಂಗಸು, ಆ ಊರಿನವರೂ ಅಲ್ಲ, ನಿಂತು ಹಾಗೆ ಹೇಳಿದ್ದು ನೋಡಿ ನನಗೆ ನಾಚಿಕೆಯಾಯಿತು. ಹಿಂದಿನ ದಿನ ಪಂಪ್‌ಮನೆ ತೋರಿಸಿ ನಕ್ಕವರೇ ಅವರಿಗೆ ಎಳನೀರು ಕೆತ್ತಿಕೊಟ್ಟರು. ಕುಡಿದು ಮುಗಿಸಿದವರೇ, "ಸರ್ವೆಗೆ ಅರ್ಜಿ ಹಾಕೋದು ಮಾತ್ರ ನಿಲ್ಲಲ್ಲ ಯಜಮಾನ್ರೇ," ಎಂದರು.

ಅರ್ಜಿ ಹೋಯಿತು. ಅದರ ಬಟನ್ನನ್ನು ಅಕ್ಕ ಒತ್ತಿದಳು, ಕುಂಟುತ್ತ ಗುಬ್ಬಿಗೆ ಬಂದು. ಎಷ್ಟೋ ತಿಂಗಳ ಮೇಲೆ ಸರ್ವೆಯರ್ ಬಂದು ಅಳೆದಾಗ ದಾರಿ ಪಂಪ್‌ಮನೆಯಿಂದ ಆಚೆ, ಹಳೇ ಹೊಂಗೆಮರದ ಪಕ್ಕದಲ್ಲೇ ಸಿಕ್ಕಿತು. ಕಂಬ ಕಿತ್ತರು. ಈಗ ಅಕ್ಕನ ತೋಟದೊಳಕ್ಕೇ ಟೆಂಪೊ ಬರುತ್ತದೆ. ಮಾರುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕೂಗಾಡಿದ್ದಕ್ಕೆ ನಾನು ಮೇಡಂ ಹತ್ತಿರ ಕ್ಷಮೆ ಕೇಳಬೇಕಿತ್ತು. ಆಮೇಲೆ ಹೋದಾಗಲೆಲ್ಲ ಏನೋ ಒಂದು ಬೇರೆ ಮಾತಾಡಿ ಬರುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ನಾನು ಗುಬ್ಬಿಗೆ ಹೋದಾಗ ಕುಣಿಗಲ್‌ನಲ್ಲಿರುವ ಅವರ ಮಗಳು ಅಂಗಡಿ ಖಾಲಿ ಮಾಡಲು ಬಂದಿದ್ದರು. ಮರಣ ಪ್ರಮಾಣಪತ್ರದ ನಕಲು ಬೇಕಿತ್ತಂತೆ, ಅದಕ್ಕೆ ಯಾವ ಕಚೇರಿಗೆ ಹೋಗಬೇಕು ಎಂದು ನನ್ನನ್ನೇ ಕೇಳಿದರು.

"ಎಲ್ಲಿಗೂ ಹೋಗ್ಬೇಡಿ. ಫೋನಲ್ಲೇ ಸಿಗುತ್ತೆ," ಎಂದೆ. ಇದೂ ಗೆರೆ ಪುಸ್ತಕದ್ದೇ.

"ಅಮ್ಮ ಊರಿಗೆಲ್ಲ ಹೇಳ್ಕೊಟ್ರು. ನಂಗೆ ಕೂತು ಕಲಿಯೋಕೆ ಪುರುಸೊತ್ತೇ ಆಗ್ಲಿಲ್ಲ," ಎಂದರು ಆಕೆ.

ಆಕೆಯ ಫೋನಿನಲ್ಲೇ ತುಂಬಿಸುತ್ತ ಹೋದೆ. ಹೆಸರಿನ ಜಾಗಕ್ಕೆ ಬಂದಾಗ ನಿಂತೆ. ಇಷ್ಟು ವರ್ಷ ಮೇಡಂ ಹೆಸರೇ ನನಗೆ ಗೊತ್ತಿರಲಿಲ್ಲ. ಮಗಳು ಹೇಳಿದರು, ಟೈಪ್ ಮಾಡಿದೆ. ಕೊನೆಯ ಬಟನ್ ಉಳಿಯಿತು. ಫೋನನ್ನು ಆಕೆಯ ಕಡೆ ಹಿಡಿದೆ. ಆಕೆ ಓದಿದರು, ಬೆರಳು ಚಾಚಿದರು, ಹಿಂದಕ್ಕೆ ತೆಗೆದುಕೊಂಡರು.

"ನನ್ ಕೈಲಿ ಆಗಲ್ಲ ಅಣ್ಣ. ನೀವೇ ಒತ್ತಿ."

ಆಗಲ್ಲ, ಇದು ಅಮ್ಮನ ಕಾನೂನು ಎಂದು ಹೇಳುವುದರಲ್ಲಿದ್ದೆ. ನಿನ್ ಕೆಲ್ಸಕ್ಕೆ ನಿನ್ ಬೆರಳು. ಆದರೆ ಪರದೆಯ ಮೇಲಿನ ಆ ಹೆಸರು ನೋಡುತ್ತ ನಿಂತಾಗ, ಇದು ಆಕೆಯೊಬ್ಬರ ಕೆಲಸವಲ್ಲ ಅನ್ನಿಸಿತು. ಅಕ್ಕನ ತೋಟದ ದಾರಿ, ಕೇಳದೇ ಉಳಿದ ಆ ಕ್ಷಮೆ, ಎಲ್ಲ ಸೇರಿ ಇದು ನನ್ನದೂ ಕೆಲಸ.

ಓದಿಕೊಂಡು ಒತ್ತಿದೆ.