ಎದೆಯಲ್ಲಿ ಏನೂ ಇಲ್ಲ ಅಂದರು

ನನ್ನ ಎದೆ ಮೊದಲ ಸಲ ನನ್ನ ಮಾತು ಕೇಳದೆ ಓಡಿದ್ದು ಮದ್ದೂರಿನಲ್ಲಿ, ಅಕ್ಕಿ ಕೇರುತ್ತಾ ಕೂತಿದ್ದಾಗ. ಯಾರೂ ಹೆದರಿಸಿರಲಿಲ್ಲ, ಜಗಳವಾಗಿರಲಿಲ್ಲ, ನಾನು ಎಲ್ಲಿಂದಲೂ ಓಡಿಬಂದಿರಲಿಲ್ಲ. ಕೈಯಲ್ಲಿ ಮೊರ, ಪಕ್ಕದಲ್ಲಿ ನುಚ್ಚಿನ ಗುಡ್ಡೆ. ಇದ್ದಕ್ಕಿದ್ದ ಹಾಗೆ ಎಡಗಡೆ, ಬೆರಳಗಲದ ಜಾಗದಲ್ಲಿ ಚುಳ್ಳೆಂದು ಹಿಡಿದುಕೊಂಡಿತು. ಆಮೇಲೆ ಬಾಣಲೆಯಲ್ಲಿ ಹುರುಳಿ ಸಿಡಿದ ಹಾಗೆ ಎದೆಯೊಳಗೆ ಸಿಡಿಯತೊಡಗಿತು. ಮುಗಿಯಿತು, ಸತ್ತೆ ಅಂದುಕೊಂಡೆ. ಸಾಯಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ನಾನು ಬೆವರು ಒರೆಸಿಕೊಂಡು ಉಳಿದ ಅಕ್ಕಿ ಕೇರಿದೆ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನನ್ನ ಗಂಡ ಊರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಕರೆಂಟಿನ ಕೆಲಸ ನೋಡಿಕೊಳ್ಳುತ್ತಿದ್ದರು. ಮಿಲ್ಲಿನ ಹಿಂದೆಯೇ ನಮ್ಮ ಎರಡಂಕಣದ ಮನೆ. ಮಿಲ್ಲು ಓಡುತ್ತಿರುವಷ್ಟು ಹೊತ್ತೂ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಎದೆ ಹೊಡೆದುಕೊಳ್ಳುತ್ತದೆ ಅಂದಾಗ ಅವರು, "ಮಿಲ್ಲಿನ ಅದುರು ಕಣಮ್ಮಿ" ಅಂದರು. ಮಿಲ್ಲಿಗೆ ರಜೆ ಇದ್ದ ದಿನವೂ ಹೊಡೆದುಕೊಂಡಿತು. ಅದನ್ನು ಹೇಳಿದರೆ, "ಅದುರಿ ಅದುರಿ ಅಭ್ಯಾಸ ಆಗೋಗದೆ" ಅಂದರು. ಇಂಥವರ ಜೊತೆ ಏನು ಮಾತಾಡುವುದು?

ಕೆಟ್ಟವರಲ್ಲ ಅವರು. ಶಿವನಸಮುದ್ರದಲ್ಲಿ ಎರಡು ವರ್ಷ ಕೆಲಸ ಕಲಿತು ಬಂದವರು. ಕರೆಂಟು ಕಣ್ಣಿಗೆ ಕಾಣುವುದಿಲ್ಲ, ಅದನ್ನು ತೋರಿಸುವುದು ಮೀಟರಿನ ಮುಳ್ಳೊಂದೇ ಎಂಬುದು ಅವರ ತಲೆಯಲ್ಲಿ ಬಲವಾಗಿ ಕೂತಿತ್ತು. ಗಂಟೆಗೊಂದು ಸಲ ಮೀಟರು ನೋಡಿ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಮುಳ್ಳು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದರೆ ಜಗತ್ತು ಸರಿಯಾಗಿದೆ ಅಂತ ಅರ್ಥ. ನನ್ನ ಎದೆಯ ಮೇಲೆ ಮೀಟರು ಇರಲಿಲ್ಲ.

ಮನೆಮದ್ದಿಗೆ ಕೊರತೆಯಿರಲಿಲ್ಲ. ಹನಕೆರೆಯಲ್ಲಿದ್ದ ನನ್ನ ತಾಯಿ ವಾಯು ಅಂದು ಓಮದ ಕಷಾಯ ಕುಡಿಸಿದಳು. ಪೂರಿಗಾಲಿಯಿಂದ ಬಂದ ಅತ್ತೆ, ಬಟ್ಟಿ ಜಾರಿದೆ ಅಂದರು. ಹೊಕ್ಕುಳ ಹತ್ತಿರದ ನರ ಜಾಗ ಬಿಟ್ಟು ಸರಿದರೆ ಹೀಗಾಗುತ್ತದಂತೆ. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಸಣ್ಣ ದೀಪ ಹಚ್ಚಿಟ್ಟು, ಅದರ ಮೇಲೆ ಚೊಂಬು ಕವುಚಿದರು. ದೀಪ ಆರಿ ಚೊಂಬು ಹೊಟ್ಟೆಯನ್ನು ಕಚ್ಚಿಕೊಂಡಿತು. ಕಿತ್ತಾಗ ಹೊಟ್ಟೆಯ ಮೇಲೆ ಕೆಂಪಗೆ ಚೊಂಬಿನ ಬಾಯಿ ಮೂಡಿತ್ತು. ಎದೆ ಮಾತ್ರ ಮಾರನೆಯ ದಿನ ಹೇಳಿಕಳಿಸಿದ ಹಾಗೆ ಓಡಿತು.

ಕೊನೆಗೆ ರೈಲು ಹತ್ತಿ ಮಂಡ್ಯದ ಡಾಕ್ಟರ ಹತ್ತಿರ ಹೋದೆವು. ಅವರು ರಬ್ಬರಿನ ಕೊಳವೆ ಇಟ್ಟು ಎದೆ ಕೇಳಿದರು, ಬೆನ್ನು ಕೇಳಿದರು, ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ರಕ್ತದ ಒತ್ತಡ ನೋಡಿದರು. "ಎದೆಯಲ್ಲಿ ಏನೂ ಇಲ್ಲಮ್ಮ, ಧೈರ್ಯವಾಗಿರಿ" ಅಂದರು. ಆರು ತಿಂಗಳು ಬಿಟ್ಟು ಮತ್ತೆ ಹೋದೆವು. ಮತ್ತೆ ಅದೇ ಮಾತು. ಮೈಸೂರಿನಲ್ಲಿ ಎದೆಯ ಬಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರ ಬಂದಿದೆ, ಅದನ್ನೂ ಮಾಡಿಸಿ ಅಂದರು. ಅಲ್ಲಿ ನನ್ನ ಕೈಕಾಲಿಗೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ತಂತಿ ಕಟ್ಟಿ, ಅಲ್ಲಾಡಬೇಡಿ ಅಂದರು. ಮನೆಯಲ್ಲಿ ವಾರಕ್ಕೆ ಮೂರು ಸಲ ಕುಣಿಯುತ್ತಿದ್ದ ಎದೆ ಅಲ್ಲಿ ಸಾಧ್ವಿಯ ಹಾಗೆ ನಡೆದುಕೊಂಡಿತು. ಬಾ, ಈಗ ಬಾ, ನಿನಗೋಸ್ಕರ ಇಲ್ಲಿಯವರೆಗೆ ಬಂದಿದ್ದೇನೆ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಬರಲಿಲ್ಲ.

ಕಾಗದದ ಮೇಲೆ ಗೆರೆಗಳು ಒಂದೇ ಸಮ ಬಿದ್ದಿದ್ದವು. ನನ್ನ ಗಂಡನಿಗೆ ಆ ಕಾಗದ ಎಷ್ಟು ಹಿಡಿಸಿತೆಂದರೆ, ಅದರ ಒಂದು ತುಂಡನ್ನು ಕೇಳಿ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮಿಲ್ಲಿಗೆ ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದರು. "ನೋಡ್ಲಾ, ನಮ್ಮನೆಯೋಳ ಎದೆ. ಒಂದ್ ಗೆರೆಯಾದ್ರೂ ಆಚೀಚೆ ಅದಾ?" ಊರಿನ ಭತ್ತದ ವ್ಯಾಪಾರಿಗಳೆಲ್ಲ ನನ್ನ ಎದೆಯನ್ನು ನೋಡಿ ಮೆಚ್ಚಿದರು. ನನಗೆ ನಾಚಿಕೆಗಿಂತ ಸಿಟ್ಟು ಬಂತು.

ಏನೂ ಇಲ್ಲ ಅಂದರೆ ಸಂತೋಷಪಡಬೇಕು ತಾನೆ? ಎಲ್ಲರೂ ಪಟ್ಟರು. ನನ್ನ ತಾಯಿ ದೇವರಿಗೆ ಕಾಯಿ ಒಡೆಸಿದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಕಾಯಿಲೆಗೆ ಒಂದು ಹೆಸರು ಇದ್ದಿದ್ದರೆ ಔಷಧಿ ಇಲ್ಲದಿದ್ದರೂ ಹೋಗಲಿ, ಮಲಗುವುದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಹೆಸರಿಲ್ಲದ್ದರಿಂದ ನೋವು ಪಡುವುದೇ ಸುಳ್ಳು ಹೇಳಿದ ಹಾಗಾಯಿತು. ಬರಬರುತ್ತಾ ನಾನು ಹೇಳುವುದನ್ನೇ ಬಿಟ್ಟೆ.

ಹೇಳದೆ ಬಿಟ್ಟದ್ದಕ್ಕೆ ಒಂದು ದಿನ ಸರಿಯಾಗಿ ಅನುಭವಿಸಿದೆ. ಈ ನಡುವೆ ಹುಟ್ಟಿದ್ದ ಮಗಳಿಗೆ ಆಗ ಎರಡು ವರ್ಷ ತುಂಬಿರಲಿಲ್ಲ, ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳನ್ನು ಸೊಂಟದಲ್ಲಿಟ್ಟುಕೊಂಡು ಬೀದಿಯ ಬಾವಿಯ ಹತ್ತಿರ ನಿಂತಿದ್ದೆ. ಎದೆ ಸಿಡಿಯಿತು, ಕಣ್ಣು ಕತ್ತಲಿಟ್ಟಿತು. ಎಲ್ಲಿ ಮಗು ಕೈಜಾರಿ ಬಾವಿಗೆ ಬೀಳುತ್ತದೋ ಅಂತ ಅವಳನ್ನು ಅಲ್ಲೇ ಕೆಸರಿನಲ್ಲಿ ಇಳಿಸಿ, ನಾನೂ ಕುಸಿದು ಕೂತು, "ಮಗೂನ ಎತ್ಕಳ್ಳಿ, ಯಾರಾದ್ರೂ ಎತ್ಕಳ್ಳಿ" ಅಂತ ಕೂಗಿಕೊಂಡೆ. ಪಕ್ಕದ ಮನೆಯಾಕೆ ಎತ್ತಿಕೊಂಡಳು. ಸುದ್ದಿ ಪೂರಿಗಾಲಿಗೆ ಮುಟ್ಟುವ ಹೊತ್ತಿಗೆ, ನಾನು ಮಗುವನ್ನು ಬಾವಿಗೆ ಎಸೆಯಲು ಹೋಗಿದ್ದೆ ಅಂತ ಆಗಿತ್ತು.

ಮೂರೇ ದಿನಕ್ಕೆ ಅತ್ತೆ ಬಂದಿಳಿದರು. ಚೀಲ ಕೆಳಗಿಡುವುದಕ್ಕೆ ಮುಂಚೆಯೇ ಮಗನಿಗೆ ಹೇಳಿದರು. "ಡಾಕುಟ್ರು ಏನೂ ಇಲ್ಲ ಅಂದವ್ರೆ. ಮಿಸಿನ್ನೂ ಏನೂ ಇಲ್ಲ ಅಂದದೆ. ಇನ್ನೇನ್ಲಾ ಇವ್ಳ ರೋಗ? ಕೂಸ್ನ ನಾ ನಮ್ಮೂರ್ಗೆ ಒಯ್ತೀನಿ. ಇವ್ಳು ಒಂದೊರ್ಸ ಅನಕೆರೇಲಿ ಅವ್ರವ್ವನ್ ತಾವಿದ್ದು ಬುದ್ದಿ ನೆಟ್ಟಗ್ ಮಾಡ್ಕಂಡ್ ಬರ್ಲಿ."

ನನಗೆ ತಡೆಯಲಾಗಲಿಲ್ಲ. "ಅತ್ತೆ, ರೋಗ ಇಲ್ಲ ಅಂದ್ರೆ ಕೂಸ್ನ ಯಾಕ್ ಒಯ್ತೀರಿ? ರೋಗ ಅದೆ ಅಂದ್ರೆ ನನ್ನ ಯಾಕ್ ಬೈತೀರಿ? ಎರಡ್ರಲ್ಲಿ ಒಂದ್ ಯೋಳಿ" ಅಂದೆ.

"ಬಾಯಿಗೇನೂ ರೋಗ ಬಂದಿಲ್ಲ ಬುಡು" ಅಂದರು ಅತ್ತೆ.

ನಾನು ಗಂಡನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. "ಸ್ವಲ್ಪ ದಿನ ತಾನೆ" ಅಂದರು. ಸೋಮವಾರದ ಮಳವಳ್ಳಿ ಬಸ್ಸಿಗೆ ಮಗುವನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅವಳ ಲಂಗಗಳನ್ನು ಒಗೆದು ಒಣಹಾಕುವ ಕೆಲಸ ನನ್ನದೇ ಆಯಿತು. ಎದೆ ದಿನವೂ ಓಡಿತು.

ಶನಿವಾರ ಮಧ್ಯಾಹ್ನ ಗೂಡಿನ ಲೋಟಗಳು ಇದ್ದಕ್ಕಿದ್ದ ಹಾಗೆ ಸುಮ್ಮನಾದವು. ಕತ್ತಲಾಗುವವರೆಗೆ ಓಡಬೇಕಾದ ಮಿಲ್ಲು ನಿಂತುಹೋಗಿತ್ತು. ಸಾಹುಕಾರರು ಕಿರುಚಾಡುವುದು ಗೋಡೆಯಾಚೆಯಿಂದ ಕೇಳಿಸಿತು. ಬಹಳ ಹೊತ್ತಾದ ಮೇಲೆ ನನ್ನ ಗಂಡ ಮೊಣಕೈವರೆಗೆ ಎಣ್ಣೆಯ ಮಸಿ ಮಾಡಿಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಕೂತರು.

ಆದದ್ದು ಇಷ್ಟು. ಮಿಲ್ಲಿನಲ್ಲಿ ಮಳವಳ್ಳಿ ಕಡೆಯ ಒಬ್ಬ ಮುದುಕ ಸಾಬರು ಫಿಟ್ಟರಾಗಿದ್ದರು. ಎಣ್ಣೆ ಡಬ್ಬಿ ಹಿಡಿದು ಸುತ್ತು ಬರುವಾಗ ಯಂತ್ರಗಳನ್ನು ತಿರುಗಿಸುವ ಉದ್ದದ ದಂಡವನ್ನು ಹೊತ್ತ ಪ್ರತಿಯೊಂದು ಬೇರಿಂಗಿನ ಮೇಲೂ ಒಂದು ಕ್ಷಣ ಅಂಗೈ ಇಟ್ಟು ಮುಂದೆ ಹೋಗುವುದು ಅವರ ಪದ್ಧತಿ. ಅದನ್ನು ನೋಡಿ ನನ್ನ ಗಂಡ ನಗುತ್ತಿದ್ದರು. ಆವತ್ತು ಸಾಬರು ಒಂದು ಕಡೆ ಕೈಯಿಟ್ಟವರು, ಬಿಸಿ ಏರಿದೆ, ಮಿಲ್ಲು ನಿಲ್ಲಿಸಿ ಅಂದರು. ನನ್ನ ಗಂಡ ಮೀಟರು ತೋರಿಸಿದರು. ಸಾಬರು, "ಅದಕ್ಕೆ ಗೊತ್ತಿರೋದು ಅದು ಯೋಳ್ತದೆ ಸ್ವಾಮಿ. ನನ್ ಕೈಗೆ ಗೊತ್ತಾಗಿದ್ದು ನಾ ಯೋಳ್ತಾ ಇವ್ನಿ" ಅಂದು ತಾವೇ ಹೋಗಿ ಸ್ವಿಚ್ಚು ಎಳೆದುಬಿಟ್ಟರು. ಬಿಚ್ಚಿ ನೋಡಿದರೆ ಎಣ್ಣೆಯ ದಾರಿ ಕಟ್ಟಿಕೊಂಡು ಒಳಗಿನ ಲೋಹ ಕರಗತೊಡಗಿತ್ತು. ಇನ್ನೊಂದು ಗಂಟೆ ಓಡಿದ್ದರೆ ಉದ್ದದ ದಂಡವೇ ಕಿತ್ತುಕೊಂಡು ಬಂದು ಯಾರ ತಲೆಯೋ ಹೋಗುತ್ತಿತ್ತು.

"ಮುಳ್ಳು ಸರಿಯಾಗೇ ಇತ್ತು ಕಣಮ್ಮಿ" ಅಂದರು ನನ್ನ ಗಂಡ. ಮತ್ತೆ ಅದನ್ನೇ ಅಂದರು. ಮೋಸ ಹೋದ ಮಗುವಿನ ಮುಖ ಮಾಡಿಕೊಂಡಿದ್ದರು.

"ಸಾಬ್ರು ಯೋಳ್ದಾಗ ನಂಬುದ್ರಾ?" ಅಂತ ಕೇಳಿದೆ.

"ಇಲ್ಲ. ಬಿಚ್ಚಿ ನೋಡುದ್ ಮ್ಯಾಲೆ ನಂಬ್ದೆ."

"ನನ್ನ ಬಿಚ್ಚಿ ನೋಡಕ್ಕಾಗಲ್ಲ" ಅಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ, ಉರಿದುಹೋಯಿತು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು ಬಾಯಿಬಿಟ್ಟು ಹೇಳಿದ್ದೆ. ಆ ಮಾತು ಕಿವಿಗೆ ಹೋಗಲು ಒಂದು ಕಬ್ಬಿಣದ ಬೇರಿಂಗು ಕಾದು ಸುಡಬೇಕಾಯಿತು. ಅದನ್ನೂ ಅಂದುಬಿಟ್ಟೆ. ಅವರು ಎದ್ದು ಬಾನಿಯ ಹತ್ತಿರ ಹೋಗಿ, ಸೀಗೆಪುಡಿ ಹಾಕಿ ಕೈ ಉಜ್ಜಿ ಉಜ್ಜಿ ತೊಳೆದರು. ಬಂದು, "ಎಲ್ಲಿ, ತೋರ್ಸು" ಅಂದರು.

ಹಾಡುಹಗಲು. ಹೊಸಲಿನ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಅವರ ಎದುರಿಗೇ ಇವರು ನನ್ನ ಎಡಗಡೆ, ಸೆರಗಿನ ಮೇಲೆ ಅಂಗೈ ಇಟ್ಟರು. ಆ ಕಾಲದಲ್ಲಿ ಅದು ಆಗುವ ಮಾತಲ್ಲ. ಅತ್ತೆಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ನನ್ನ ಪಾಪಿ ಎದೆಯೋ, ಆ ಹೊತ್ತಿನಲ್ಲಿ ಮೈಸೂರಿನಲ್ಲಿದ್ದಷ್ಟೇ ಸಾಧುವಾಗಿತ್ತು.

"ಈಗ ಇಲ್ಲ" ಅಂದೆ.

ಅವರು ಕೈ ತೆಗೆಯಲಿಲ್ಲ. "ಇರ್ಲಿ. ಬಂದಾಗ ಹಿಂಬಾಗಿಲ ತಗಡು ಬಡಿ. ಮಿಲ್ಗೆ ಕೇಳ್ತದೆ, ಬತ್ತೀನಿ" ಅಂದರು. ಆಮೇಲೆ ತಾಯಿಯ ಕಡೆ ತಿರುಗಿ, "ಕೂಸು ಎಲ್ಗೂ ಓಗಕಿಲ್ಲ ಕಣವ್ವ" ಅಂದರು. ಅತ್ತೆ ಏನೇನೋ ಅಂದರು. ಸೋಮವಾರ ಒಬ್ಬರೇ ಬಸ್ಸು ಹತ್ತಿದರು.

ಎಲ್ಲ ವಾಸಿಯಾಯಿತು ಅಂತ ಬರೆಯಲು ನನಗೂ ಆಸೆ. ಆಗಲಿಲ್ಲ. ಇವತ್ತಿಗೂ ಅದು ಏನೆಂದು ನನಗೆ ಗೊತ್ತಿಲ್ಲ, ಡಾಕ್ಟರುಗಳಿಗೂ ಗೊತ್ತಿಲ್ಲ. ಆಗ ತಗಡು ಬಡಿಯುತ್ತಿದ್ದೆ, ಅವರು ಓಡಿ ಬರುತ್ತಿದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ಎದೆ ಸುಮ್ಮನಾಗಿರುತ್ತಿತ್ತು. ಆರೇಳು ಸಲ ಹೀಗೇ ಆಯಿತು. ಪ್ರತಿ ಸಲವೂ ಅವರು ಸ್ವಲ್ಪ ಹೊತ್ತು ಅಂಗೈ ಇಟ್ಟುಕೊಂಡಿದ್ದು ವಾಪಸು ಹೋಗುತ್ತಿದ್ದರು. ನನಗೇ ಬೇಸರವಾಗಿ ಬಡಿಯುವುದನ್ನು ಬಿಟ್ಟುಬಿಡಬೇಕೆಂದುಕೊಂಡಿದ್ದೆ.

ಒಂದು ದಿನ ಊಟದ ಹೊತ್ತಿನಲ್ಲಿ ಅವರು ಮನೆಗೆ ಬರುತ್ತಿರುವಾಗಲೇ ಹಿಡಿದುಕೊಂಡಿತು. ಕೂಗಲೂ ಆಗದೆ ಗೋಡೆ ಹಿಡಿದು ನಿಂತಿದ್ದೆ. ಅವರು ಕೈ ತೊಳೆಯಲಿಲ್ಲ, ಮಸಿಗೈಯನ್ನೇ ತಂದು ಎದೆಗೆ ಒತ್ತಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಅಗಲವಾಯಿತು.

"ಹೂಂ ಕಣಮ್ಮಿ" ಅಂದರು. "ಓಡ್ತಾ ಅದೆ."

"ಅಷ್ಟು ಯೋಳಕ್ಕೆ ಇಷ್ಟು ವರ್ಸ ಬೇಕಾಯ್ತಾ ನಿಮ್ಗೆ?" ಅಂತ ಅಳುತ್ತಾ ಬೈದೆ. ಬೈಯುತ್ತಲೇ, ಆ ಕೈ ಎಲ್ಲಿ ತೆಗೆದುಬಿಡುತ್ತಾರೋ ಅಂತ ನನ್ನ ಎರಡು ಕೈಯಿಂದಲೂ ಅದನ್ನು ಅಲ್ಲೇ ಒತ್ತಿ ಹಿಡಿದುಕೊಂಡೆ.